ಟ್ಯಾಪೆಟ್ ಬಿಗಿ ಮಾಡಿ ಸದ್ದು ಅಡಗಿಸಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಒಂದು ಹಳೇ ಕಾರಿನ ಟಕ್ ಟಕ್ ಸದ್ದಿನ ಬಗ್ಗೆ ಪೇಪರಿಗೆ ಪತ್ರ ಬರೀತೀರಾ ಅಂತ ಮನೆಯಲ್ಲಿ ನಕ್ಕರು. ನಗಲಿ. ಆ ಸದ್ದಿನ ಹಿಂದೆ ಐದು ತಿಂಗಳು, ಮೂರು ಗ್ಯಾರೇಜು ಮತ್ತು ಎರಡು ಕ್ಯಾಮ್‌ಶಾಫ್ಟಿನ ದುಡ್ಡು ಹೋಗಿದೆ. ನಮ್ಮ ಬಳ್ಳಾರಿಯಲ್ಲಿ ಹಳೇ ಅಂಬಾಸಿಡರ್, ಹಳೇ ಜೀಪು ಇಟ್ಟುಕೊಂಡವರು ಇನ್ನೂ ಇದ್ದಾರೆ. ಸಿರುಗುಪ್ಪ ಕಡೆ ಹೋದರೆ ಭತ್ತದ ಗದ್ದೆಯಲ್ಲಿ ಇಪ್ಪತ್ತೈದು ಮೂವತ್ತು ವರ್ಷದ ಟ್ರ್ಯಾಕ್ಟರುಗಳು ಇವತ್ತಿಗೂ ದುಡಿಯುತ್ತಿವೆ. ಅವುಗಳ ಹೊಟ್ಟೆಯೊಳಗೂ ಹೆಚ್ಚು ಕಡಿಮೆ ಇದೇ ಏರ್ಪಾಡು. ಹಾಗಾಗಿ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆದರೆ ಕತ್ತರಿ ಹಾಕಿಕೊಳ್ಳಿ.

ನಮ್ಮದು 1986ರ ಮಾರ್ಕ್ 4 ಅಂಬಾಸಿಡರ್. ಪೆಟ್ರೋಲ್, 1489 ಸಿಸಿ. ಅಪ್ಪ ಹತ್ತಿ ವ್ಯಾಪಾರ ಮಾಡುತ್ತಿದ್ದಾಗ ತೆಗೆದುಕೊಂಡ ಗಾಡಿ, ಮಾರಲು ಮನಸ್ಸು ಬರಲಿಲ್ಲ. ಇದರ ಎಂಜಿನ್ ಮೂಲದಲ್ಲಿ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್. ಅಲ್ಲಿ ಎಂಜಿಎ ಅನ್ನುವ ಸ್ಪೋರ್ಟ್ಸ್ ಕಾರಿಗೂ ಇದೇ 1489 ಸಿಸಿ ಎಂಜಿನ್ ಹಾಕುತ್ತಿದ್ದರು ಅಂದರೆ ನಮ್ಮ ಹುಡುಗರು ನಂಬುವುದಿಲ್ಲ. ಸಿಲಿಂಡರಿನ ವಾಲ್ವುಗಳನ್ನು ತೆರೆಸುವ ಶಾಫ್ಟು, ಅಂದರೆ ಕ್ಯಾಮ್‌ಶಾಫ್ಟ್, ಬ್ಲಾಕಿನೊಳಗೆ ಕೆಳಗಡೆ ಇರುತ್ತದೆ. ಅದರ ಮೇಲಿನ ಉಬ್ಬು, ಅಂದರೆ ಲೋಬ್, ಟ್ಯಾಪೆಟ್ಟನ್ನು ಎತ್ತುತ್ತದೆ. ಟ್ಯಾಪೆಟ್ ಪುಶ್ ರಾಡನ್ನು ಎತ್ತುತ್ತದೆ. ಪುಶ್ ರಾಡ್ ಮೇಲಿನ ರಾಕರಿನ ಒಂದು ತುದಿಯನ್ನು ತಳ್ಳಿದರೆ ಇನ್ನೊಂದು ತುದಿ ವಾಲ್ವನ್ನು ಒತ್ತುತ್ತದೆ. ಇಲ್ಲಿ ಒಂದು ಗೊಂದಲ ಇದೆ. ಕೆಳಗಿರುವ ಆ ಬಟ್ಟಲಿನಂಥ ಸಾಮಾನಿಗೂ ಟ್ಯಾಪೆಟ್ ಅಂತಾರೆ, ಮೇಲೆ ರಾಕರ್ ಮತ್ತು ವಾಲ್ವ್ ನಡುವೆ ಬಿಡುವ ಗ್ಯಾಪಿಗೂ ಟ್ಯಾಪೆಟ್ ಅಂತಾರೆ. ‘ಟ್ಯಾಪೆಟ್ ಹೊಸದು ಹಾಕಿದ್ರಾ?’ ಅಂತ ನಾನು ಕೇಳಿದ್ದು ಬಟ್ಟಲಿನ ಬಗ್ಗೆ. ‘ಮಾಡೀವ್ರಿ’ ಅಂತ ಗ್ಯಾರೇಜಿನವರು ಹೇಳಿದ್ದು ಗ್ಯಾಪಿನ ಬಗ್ಗೆ.

ಆದದ್ದು ಇಷ್ಟು. ಹೋದ ವರ್ಷ ಗಾಡಿಯ ಪಿಕಪ್ ಬಿತ್ತು. ಮೊದಲನೇ ಗ್ಯಾರೇಜಿನವರು ಬಿಚ್ಚಿ ನೋಡಿ, ಕ್ಯಾಮಿನ ಎರಡು ಲೋಬ್ ಸವೆದಿವೆ ಅಂದರು. ಬದಲಿಸಿ ಅಂದೆ. ಅಂಬಾಸಿಡರ್ ತಯಾರಿಸುತ್ತಿದ್ದ ಉತ್ತರಪಾರಾದ ಕಾರ್ಖಾನೆ 2014ರಲ್ಲೇ ನಿಂತಿದೆ, ಪಾರ್ಟ್ಸ್ ಸಿಗುವುದೇ ಪುಣ್ಯ ಅನ್ನುವ ಸ್ಥಿತಿ, ಆದರೂ ಎರಡು ವಾರದಲ್ಲಿ ‘ಹೊಸ ಕ್ಯಾಮ್’ ಬಂತು. ಹಾಕಿದರು. ಬಟ್ಟಲುಗಳು ಮಾತ್ರ ಹಳೇವೇ. ಸ್ಟಾರ್ಟ್ ಮಾಡಿ ಐಡ್ಲಿಂಗಿನಲ್ಲಿ ಬಿಟ್ಟು ಎಲ್ಲರೂ ಉಗ್ಗಾಣಿ ಮಿರ್ಚಿ ತಿನ್ನಲು ಹೋದೆವು. ಹೌದು, ನಾನೂ ಹೋದೆ, ದುಡ್ಡು ಕೊಟ್ಟವನೂ ನಾನೇ. ಆ ಅರ್ಧ ಗಂಟೆ ಎಷ್ಟು ದುಬಾರಿ ಅಂತ ಆಮೇಲೆ ಗೊತ್ತಾಯಿತು.

400 ಕಿಲೋಮೀಟರ್ ಓಡುವಷ್ಟರಲ್ಲಿ ಟಕ್ ಟಕ್ ಶುರು. ತಗೊಂಡು ಹೋದೆ. ‘ಸಾರ್, ಹಳೇ ಗಾಡಿ ಅಂದಮ್ಯಾಲೆ ಸದ್ದು ಇರೋದೇ’ ಅಂದ ಹುಡುಗ ರಾಕರ್ ಕವರ್ ತೆಗೆದು, ಗ್ಯಾಪ್ ಹೊಂದಿಸುವ ಸ್ಕ್ರೂ ಬಿಗಿ ಮಾಡಿ, ‘ಈಗ ನೋಡ್ರಿ’ ಅಂದ. ಸದ್ದು ಮಾಯ. ಗ್ಯಾಪ್ ಅಳೆಯುವ ತೆಳು ಬ್ಲೇಡುಗಳ ಫೀಲರ್ ಗೇಜ್ ಮುಟ್ಟಲೇ ಇಲ್ಲ, ಕಿವಿಯಲ್ಲೇ ಸೆಟ್ಟಿಂಗ್! ಒಂದು ವಾರ ಚೆಂದ ಇತ್ತು. ಆಮೇಲೆ ಎಂಜಿನ್ ಬಿಸಿಯಾದರೆ ಸ್ಟಾರ್ಟ್ ಆಗುತ್ತಿರಲಿಲ್ಲ, ಐಡ್ಲಿಂಗ್ ನಿಲ್ಲುತ್ತಿರಲಿಲ್ಲ, ಸಂಡೂರಿನ ಏರಿನಲ್ಲಿ ಕಾರ್ಬೊರೇಟರಿನ ಬಾಯಿಂದ ಪಟ್ ಪಟ್ ಅಂತ ಉಗುಳು. ಎರಡನೇ ಗ್ಯಾರೇಜಿನವರು ಕಾರ್ಬೊರೇಟರ್ ತೊಳೆದರು, ಪ್ಲಗ್ ಬದಲಿಸಿದರು, ಡೆಲ್ಕೋದ, ಅಂದರೆ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ, ಪಾಯಿಂಟ್ ಬದಲಿಸಿದರು. ಮೂರನೆಯವರು ಹೆಡ್, ಅಂದರೆ ಸಿಲಿಂಡರುಗಳ ಮೇಲೆ ವಾಲ್ವ್ ಇರುವ ಭಾಗ, ಇಳಿಸಬೇಕು ಅಂದರು. ಯಾಕೆ ಅಂದರೆ, ಇಳಿಸಿದ ಮೇಲೆ ಗೊತ್ತಾಗುತ್ತದೆ ಅಂದರು.

ನನ್ನದು ಪಂಪ್‌ಸೆಟ್ ಮೋಟಾರ್ ರೀವೈಂಡಿಂಗ್ ಕೆಲಸ. ನಮ್ಮಲ್ಲಿ ರೈತ ಮೋಟಾರ್ ತಂದು ಇಳಿಸಿದರೆ ಮೊದಲು ಮೆಗ್ಗರ್ ಹಿಡಿಯುತ್ತೇವೆ, ಮೋಟಾರಿನ ಮೈಗೆ ಕರೆಂಟ್ ಇಳಿದಿದೆಯಾ ನೋಡುತ್ತೇವೆ, ಆಮೇಲೆ ಸ್ಪ್ಯಾನರ್. ಬಿಚ್ಚಿದ ಮೇಲೆ ನೋಡೋಣ ಅಂತ ನಾನು ಹೇಳಿದರೆ ರೈತ ಮೋಟಾರ್ ಎತ್ತಿಕೊಂಡು ಪಕ್ಕದ ಅಂಗಡಿಗೆ ಹೋಗುತ್ತಾನೆ. ಎಂಜಿನ್ನಿಗೆ ಮಾತ್ರ ಯಾಕೆ ಈ ರಿಯಾಯಿತಿ ಅಂತ ತಲೆಗೆ ಬಂತು. ಮೂರು ಭಾನುವಾರ ನಾನೇ ಕೂತೆ.

ಮೊದಲ ಭಾನುವಾರ ದಂಡ. ಅದನ್ನೂ ಹೇಳಿಬಿಡುತ್ತೇನೆ. ಕ್ಯಾಮ್ ಹಾಕುವಾಗ ಅದನ್ನು ತಿರುಗಿಸುವ ಟೈಮಿಂಗ್ ಚೈನ್ ಒಂದು ಹಲ್ಲು ತಪ್ಪಿರಬೇಕು ಅಂತ ನನಗೇ ನಾನು ತೀರ್ಮಾನ ಮಾಡಿಕೊಂಡು, ರೇಡಿಯೇಟರ್ ಇಳಿಸಿ, ಪುಲ್ಲಿ ಎಳೆದು, ಮುಂದಿನ ಕವರ್ ಬಿಚ್ಚಿದೆ. ಎರಡೂ ಸ್ಪ್ರಾಕೆಟ್ಟಿನ ಚುಕ್ಕಿಗಳು ಎದುರುಬದುರು ನೆಟ್ಟಗೆ ಕೂತಿದ್ದವು. ಸಂಜೆ ತನಕ ವಾಪಸ್ ಜೋಡಿಸಿದೆ. ಅಲ್ಲಾ, ಗ್ಯಾರೇಜಿನವರನ್ನು ಬೈದು ನಾನು ಮಾಡಿದ್ದೂ ಅದೇ ಅಲ್ವಾ? ಮೊದಲು ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿದ್ದರೆ ಅದೇ ಹೇಳುತ್ತಿತ್ತು. ಚೈನ್ ಹಲ್ಲು ತಪ್ಪಿದರೆ ನಾಲ್ಕೂ ಸಿಲಿಂಡರ್ ಒಟ್ಟಿಗೆ ಕುಗ್ಗುತ್ತವೆ, ಒಂದೇ ಕುಗ್ಗುವುದಿಲ್ಲ. ಕವರ್ ಬಿಚ್ಚದೆ ನೋಡುವ ಇನ್ನೊಂದು ದಾರಿಯೂ ಇದೆ. ಒಂದನೇ ಸಿಲಿಂಡರ್ ಫೈರಿಂಗಿಗೆ ಮೇಲೆ ಬಂದಾಗ ನಾಲ್ಕನೆಯದರ ಎಕ್ಸಾಸ್ಟ್ ವಾಲ್ವ್ ಮುಚ್ಚುತ್ತಿರುತ್ತದೆ, ಇನ್‌ಲೆಟ್ ತೆರೆಯುತ್ತಿರುತ್ತದೆ. ಪುಲ್ಲಿಯನ್ನು ಆ ಕಡೆ ಈ ಕಡೆ ಸ್ವಲ್ಪ ಆಡಿಸಿದರೆ ಎರಡು ರಾಕರುಗಳೂ ತಕ್ಕಡಿಯ ಹಾಗೆ ತೂಗುತ್ತವೆ. ಆ ತೂಗಾಟ ಪುಲ್ಲಿಯ ಮಾರ್ಕಿನ ಹತ್ತಿರವೇ ನಡೆದರೆ ಕಂಪನಿ ಕ್ಯಾಮಿಗೆ ಚೈನ್ ಸರಿ ಇದೆ ಅಂತ ಧೈರ್ಯವಾಗಿ ಹೇಳಬಹುದು. ಐದು ನಿಮಿಷದ ಕೆಲಸ.

ಎರಡನೇ ಭಾನುವಾರ ಬುದ್ಧಿ ಬಂತು. ಎಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿಯಲು ಮಗನನ್ನು ಕೂರಿಸಿ, ಗೇಜ್ ಹಾಕಿದೆ. ಒಂದರಿಂದ ನಾಲ್ಕರವರೆಗೆ 125, 120, 70, 118 ಪಿಎಸ್‌ಐ. ಮೂರನೆಯದು ಮಲಗಿದೆ. ಪ್ಲಗ್ ತೂತಿನಲ್ಲಿ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದೆ, 70 ಹೋಗಿ 74 ಆಯಿತು ಅಷ್ಟೇ. ಪಿಸ್ಟನ್ ರಿಂಗ್ ಸವೆದಿದ್ದರೆ ಆಯಿಲ್ ಬಿಟ್ಟಾಗ ಚೆನ್ನಾಗಿ ಏರಬೇಕು. ಏರಲಿಲ್ಲ ಅಂದರೆ ಸೋರುತ್ತಿರುವುದು ವಾಲ್ವ್ ಕಡೆ. ಹೆಡ್ ಇಳಿಸುವ ಮಾತಿಗೆ ಇಲ್ಲಿ ಅರ್ಧ ಜೀವ ಬಂತು, ಆದರೆ ಮೊದಲು ಗ್ಯಾಪ್ ನೋಡೋಣ ಅಂದುಕೊಂಡೆ.

ಈ ಎಂಜಿನ್ನಿನಲ್ಲಿ ಎಂಟು ವಾಲ್ವ್. ಗ್ಯಾಪ್ 15 ಥೌ, ಅಂದರೆ ಇಂಚಿನ ಸಾವಿರದಲ್ಲಿ ಹದಿನೈದು ಪಾಲು. ಮೆಟ್ರಿಕ್ ಫೀಲರ್ ಇದ್ದರೆ 0.38 ಮಿಲಿಮೀಟರ್. ಯಾವ ವಾಲ್ವ್ ಯಾವಾಗ ನೋಡಬೇಕು ಅನ್ನುವುದಕ್ಕೆ ಒಂಬತ್ತರ ಲೆಕ್ಕ ಇದೆ. ಮುಂದಿನಿಂದ ಎಣಿಸಿ ಎಂಟನೇ ವಾಲ್ವ್ ಪೂರ್ತಿ ಕೆಳಗೆ ಒತ್ತಿದ್ದಾಗ ಒಂದನೆಯದನ್ನು ಅಳೆಯಬೇಕು, ಏಳು ಒತ್ತಿದ್ದಾಗ ಎರಡು, ಆರು ಒತ್ತಿದ್ದಾಗ ಮೂರು, ಹೀಗೆ ಕೂಡಿದರೆ ಒಂಬತ್ತು ಬರಬೇಕು. ನನ್ನ ಗಾಡಿಯಲ್ಲಿ ಏಳು ವಾಲ್ವಿಗೆ 10ರಿಂದ 13 ಥೌ ಇತ್ತು. ಆರನೆಯದಕ್ಕೆ ಎಲ್ಲಕ್ಕಿಂತ ತೆಳು ಬ್ಲೇಡೂ ನುಗ್ಗಲಿಲ್ಲ. ಆರು ಅಂದರೆ ಮೂರನೇ ಸಿಲಿಂಡರಿನ ಇನ್‌ಲೆಟ್. ಗ್ಯಾಪೇ ಇಲ್ಲದ ಮೇಲೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಬಿಸಿಯಾಗಿ ಉದ್ದ ಆದಾಗ ಇನ್ನೂ ತೆರೆದುಕೊಳ್ಳುತ್ತದೆ. ಉರಿದ ಗ್ಯಾಸ್ ಕಾರ್ಬೊರೇಟರ್ ಕಡೆಗೆ ವಾಪಸ್ ಬರುತ್ತದೆ. ಪಟ್ ಪಟ್ ಅಂದದ್ದು ಅದು. ಕಾರ್ಬೊರೇಟರ್ ಪಾಪ ಏನೂ ಮಾಡಿರಲಿಲ್ಲ.

ಎಂಟಕ್ಕೂ 15 ಇಟ್ಟೆ. ಮೂರನೇ ಸಿಲಿಂಡರ್ 114ಕ್ಕೆ ಬಂತು. ಸದ್ದೂ ವಾಪಸ್ ಬಂತು, ಮೊದಲಿಗಿಂತ ಜೋರಾಗಿ.

ಇಲ್ಲಿ ನಿಲ್ಲಿಸುವವರು ಜಾಸ್ತಿ. ಕಂಪ್ರೆಷನ್ ಸರಿ ಬಂತು, ಗ್ಯಾಪ್ ಸರಿ ಇದೆ, ಇನ್ನೇನು ಅಂತ. ಆದರೆ ಸೆಲ್ಫ್ ಹೊಡೆಯುವಾಗಿನ ನಿಧಾನ ತಿರುಗಾಟದಲ್ಲಿ ವಾಲ್ವ್ ಅರ್ಧ ತೆರೆದರೂ ಸಿಲಿಂಡರಿಗೆ ಗಾಳಿ ತುಂಬಿಕೊಳ್ಳಲು ಸಮಯ ಸಿಗುತ್ತದೆ. ರಸ್ತೆಯ ಮೇಲೆ ನಿಮಿಷಕ್ಕೆ 3000 ಸುತ್ತಿನಲ್ಲಿ ಸಿಗುವುದಿಲ್ಲ. ಹಾಗಾಗಿ ಕಂಪ್ರೆಷನ್ ಚೆನ್ನಾಗಿ ಬಂದರೂ ಲೋಬ್ ಸವೆದಿರಬಹುದು. ನನಗೂ ಇದು ಗೊತ್ತಿರಲಿಲ್ಲ. ಕೌಲ್ ಬಜಾರಿನಲ್ಲಿ ಈಗ ಕೆಲಸ ಬಿಟ್ಟು ಮನೆಯಲ್ಲಿರುವ ಒಬ್ಬ ಹಿರಿಯ ಮೇಸ್ತ್ರಿ ಇದ್ದಾರೆ, ಎಲ್ಲರೂ ಚಾಚಾ ಅಂತಾರೆ, ಅವರನ್ನು ಕರೆದುಕೊಂಡು ಬಂದೆ. ಅವರು ಸದ್ದು ಕೇಳಿ, ‘ಹೊಲಿಗಿ ಮಿಷಿನ್ ಥರಾ ಸಣ್ಣಗೆ ಇರ್ಲಿ ತಮ್ಮಾ, ಅದು ಬೇಕು. ಇದು ಅದಲ್ಲ’ ಅಂದರು. ಜೀನ್ಸ್ ಹೊಲಿಯುವ ಬೀದಿಯವರು, ಅವರಿಗೆ ಆ ಸದ್ದು ಚೆನ್ನಾಗಿ ಗೊತ್ತು.

ಅವರು ಹೇಳಿಕೊಟ್ಟದ್ದನ್ನು ಬರೆಯುತ್ತೇನೆ, ಯಾರಿಗಾದರೂ ಬೇಕಾಗುತ್ತದೆ. ಎಂಜಿನ್ ಐಡ್ಲಿಂಗಿನಲ್ಲಿ ಓಡುತ್ತಿರುವಾಗಲೇ ರಾಕರ್ ಕವರ್ ತೆಗೆದು, ಒಂದೊಂದೇ ರಾಕರಿನ ತುದಿಗೂ ವಾಲ್ವಿಗೂ ನಡುವೆ ಫೀಲರ್ ಬ್ಲೇಡ್ ತೂರಿಸಿ ನೋಡುವುದು. ಯಾವುದರಲ್ಲಿ ತೂರಿಸಿದಾಗ ಸದ್ದು ಕುಗ್ಗುತ್ತದೋ ಕಳ್ಳ ಅಲ್ಲೇ. ಆಯಿಲ್ ಸಿಡಿಯುತ್ತದೆ, ಹಳೇ ಅಂಗಿ ಹಾಕಿಕೊಳ್ಳಿ, ಫ್ಯಾನಿನಿಂದ ದೂರ ಇರಿ. ನನ್ನದರಲ್ಲಿ ಮೂರನೆಯದರಲ್ಲಿ ಸ್ವಲ್ಪ ಕುಗ್ಗಿತು, ಆರನೆಯದರಲ್ಲಿ ತುಂಬಾ ಕುಗ್ಗಿತು. ಇದೇ ಹೊತ್ತಿಗೆ ಇದು ಕನೆಕ್ಟಿಂಗ್ ರಾಡ್ ಬಡಿತ ಅಲ್ಲ ಅನ್ನುವುದೂ ಖಾತ್ರಿ ಮಾಡಿಕೊಳ್ಳಬಹುದು. ರಾಡಿನ ಬಡಿತ ದಪ್ಪ ಸದ್ದು, ಆ ಸಿಲಿಂಡರಿನ ಪ್ಲಗ್ ವೈರ್ ತೆಗೆದರೆ ತಗ್ಗುತ್ತದೆ. ರಾಕರ್ ಕಡೆಯ ಸದ್ದು ತೆಳು, ವೈರ್ ತೆಗೆದರೂ ಅದಕ್ಕೆ ಪರಿವೆ ಇಲ್ಲ.

ಮೂರನೆಯ ವಾಲ್ವಿನ ಕತೆ ಬೇರೆ ಇತ್ತು. ಗ್ಯಾಪ್ 15 ತೋರಿಸುತ್ತಿತ್ತು, ಸದ್ದು ಮಾತ್ರ 25 ಇದ್ದ ಹಾಗೆ. ರಾಕರ್ ತುದಿಯನ್ನು ನೋಡಿದರೆ ವಾಲ್ವ್ ಬಡಿದೂ ಬಡಿದೂ ಒಂದು ಗುಳಿ ಬಿದ್ದಿತ್ತು. ಚಪ್ಪಟೆ ಬ್ಲೇಡ್ ಆ ಗುಳಿಯ ಮೇಲೆ ಸೇತುವೆಯಂತೆ ಕೂರುತ್ತದೆ, ಗುಳಿಯ ಆಳ ಲೆಕ್ಕಕ್ಕೆ ಬರುವುದೇ ಇಲ್ಲ. ಫೀಲರ್ ಗೇಜೂ ಸುಳ್ಳು ಹೇಳಬಹುದು ಅಂತ ಅವತ್ತು ಗೊತ್ತಾಯಿತು. ರಾಕರ್ ತುದಿ ಸಾಪು ಮಾಡಿಸಿದ ಮೇಲೆ ಅದು ಮೌನ.

ಆರನೆಯದಕ್ಕೆ ಲೇತ್ ಅಂಗಡಿಯಿಂದ ಡಯಲ್ ಗೇಜ್ ತಂದು, ಪುಶ್ ರಾಡ್ ತಲೆಯ ಮೇಲೆ ಕೂರಿಸಿ, ಎಂಜಿನ್ನನ್ನು ಕೈಯಲ್ಲಿ ತಿರುಗಿಸಿ, ಎಂಟೂ ಎಷ್ಟೆಷ್ಟು ಏರುತ್ತವೆ ಅಂತ ಬರೆದುಕೊಂಡೆ. ಏಳು ಒಂದಕ್ಕೊಂದು ಹೊಂದಿದವು. ಆರನೆಯದು ಸುಮಾರು ಒಂದೂವರೆ ಮಿಲಿಮೀಟರ್ ಕಡಿಮೆ. ಇನ್ನೊಂದು ಗುರುತೂ ಇತ್ತು. ಎಂಜಿನ್ ಓಡುವಾಗ ಪುಶ್ ರಾಡುಗಳು ತಾವೂ ನಿಧಾನಕ್ಕೆ ಸುತ್ತುತ್ತವೆ, ಯಾಕೆಂದರೆ ಟ್ಯಾಪೆಟ್ಟಿನ ತಳ ಕಣ್ಣಿಗೆ ಕಾಣದಷ್ಟು ಉಬ್ಬಿರುತ್ತದೆ, ಲೋಬಿಗೆ ಸಣ್ಣ ಓರೆ ಇರುತ್ತದೆ, ಹಾಗಾಗಿ ಟ್ಯಾಪೆಟ್ ಸುತ್ತುತ್ತಾ ಸವೆತ ಹಂಚಿಕೊಳ್ಳುತ್ತದೆ. ಆರನೆಯ ರಾಡ್ ಸುತ್ತುತ್ತಲೇ ಇರಲಿಲ್ಲ. ಸುಮ್ನೆ ಮೇಲೆ ಕೆಳಗೆ ಅಷ್ಟೇ.

ಬಟ್ಟಲುಗಳನ್ನು ನೋಡಲು ಈ ಎಂಜಿನ್ ಇಳಿಸಬೇಕಾಗಿಲ್ಲ. ಮ್ಯಾನಿಫೋಲ್ಡ್ ತೆಗೆದರೆ ಪಕ್ಕದಲ್ಲಿ ಎರಡು ಕವರ್ ಇವೆ, ಪುಶ್ ರಾಡ್ ಎಳೆದು ಅಲ್ಲಿಂದ ಬಟ್ಟಲನ್ನು ಬೆರಳಲ್ಲಿ ಎತ್ತಬಹುದು. ಒಂದು ಎಚ್ಚರಿಕೆ. ರಾಕರ್ ಶಾಫ್ಟಿನ ನಟ್ಟುಗಳಲ್ಲಿ ನಾಲ್ಕು ಹೆಡ್ಡನ್ನೂ ಹಿಡಿದಿರುವ ನಟ್ಟುಗಳು. ಬರೀ ಅವನ್ನು ಬಿಚ್ಚಿದರೆ ಹೆಡ್ ಸೊಟ್ಟಗಾಗಬಹುದು, ಗ್ಯಾಸ್ಕೆಟ್ ಸೋರಬಹುದು. ರೇಡಿಯೇಟರ್ ನೀರು ಇಳಿಸಿ, ಹೆಡ್ಡಿನ ಎಲ್ಲ ನಟ್ಟುಗಳನ್ನೂ ವರಸೆ ಪ್ರಕಾರ ಸ್ವಲ್ಪ ಸ್ವಲ್ಪ ಸಡಿಲಿಸಬೇಕು. ಇದನ್ನು ಮಾಡದೆ ರಾಕರ್ ಎತ್ತಿದವರ ಗಾಡಿಗಳು ಆಮೇಲೆ ‘ಯಾಕೋ ಬಿಸಿ ಜಾಸ್ತಿ’ ಅಂತ ಬರುತ್ತವೆ, ಅದರಲ್ಲೂ ನಮ್ಮೂರ ಏಪ್ರಿಲ್ ಬಿಸಿಲಿಗೆ.

ಆರನೆಯ ಬಟ್ಟಲಿನ ತಳ ತಟ್ಟೆಯ ಹಾಗೆ ಒಳಗೆ ಕೊರೆದಿತ್ತು. ಕ್ಯಾಮ್ ಹೊರಗೆ ತೆಗೆದೆವು. ಲೋಬಿನ ಮೂಗೇ, ಅಂದರೆ ಎತ್ತರದ ತುದಿಯೇ, ಇಲ್ಲ. ಹಳೇ ಕ್ಯಾಮನ್ನು ನಾನು ಹಟ ಮಾಡಿ ವಾಪಸ್ ತಂದಿಟ್ಟಿದ್ದೆ, ಅದು ಕೈ ಹಿಡಿಯಿತು. ಎರಡನ್ನೂ ಪಕ್ಕ ಇಟ್ಟು ಲೋಬಿನ ದುಂಡು ಭಾಗಕ್ಕೆ ವರ್ನಿಯರ್ ಹಾಕಿದರೆ ‘ಹೊಸದು’ ಒಂದು ಮಿಲಿಮೀಟರಿಗಿಂತ ಜಾಸ್ತಿ ಸಣ್ಣ. ಅಂದರೆ ಅದು ಹೊಸದೇ ಅಲ್ಲ, ಯಾವುದೋ ಹಳೇ ಕ್ಯಾಮನ್ನು ಗ್ರೈಂಡ್ ಮಾಡಿ ತೊಳೆದು ಕೊಟ್ಟದ್ದು. ಸವೆದ ಮೂಗಿಗೆ ಮತ್ತೆ ಎತ್ತರ ಬರಿಸಬೇಕಾದರೆ ಸುತ್ತಲೂ ತಗ್ಗಿಸಲೇಬೇಕು. ಗ್ರೈಂಡಿಂಗ್ ತಪ್ಪು ಅಂತ ನಾನು ಹೇಳುವುದಿಲ್ಲ. ಮಾಡಿದ ಮೇಲೆ ಮತ್ತೆ ಗಡಸು ಮಾಡಿಸಿ ಕೊಟ್ಟರೆ ಚೆನ್ನಾಗಿಯೇ ಓಡುತ್ತದೆ. ಇದರಲ್ಲಿ ಮೇಲಿನ ಗಡಸು ಪದರವನ್ನೇ ಅರೆದು ಹಾಕಿದ್ದರು, ಅರ ಹಾಕಿ ಉಜ್ಜಿದರೆ ಜಾರಬೇಕಾದ ಜಾಗದಲ್ಲಿ ಪುಡಿ ಬಂತು. ರಾಕರ್ ಕವರ್ ತೆಗೆದ ದಿನವೇ ಇದರ ಸುಳಿವು ಇತ್ತು, ನನಗೆ ಕಂಡಿರಲಿಲ್ಲ. ಅಡ್ಜಸ್ಟರ್ ಸ್ಕ್ರೂಗಳೆಲ್ಲ ಮಾಮೂಲಿಗಿಂತ ಕೆಳಗೆ ಇಳಿದು ಕೂತಿದ್ದವು, ಕೆಳಗೆ ಬಟ್ಟಲು ತಗ್ಗಿದ್ದಕ್ಕೆ.

ಅದರ ಜೊತೆಗೆ ಹಳೇ ಬಟ್ಟಲು. ಹಳೇ ಕ್ಯಾಮಿನ ಜೊತೆ ಸವೆದು ಹೊಂದಿಕೊಂಡ ಬಟ್ಟಲನ್ನು ಬೇರೆ ಕ್ಯಾಮಿಗೆ ಹಾಕಬಾರದು, ಇದರಲ್ಲಿ ರಿಯಾಯಿತಿ ಇಲ್ಲ. ಅದರ ಜೊತೆಗೆ ಆ ಉಗ್ಗಾಣಿ ಮಿರ್ಚಿ. ಹೊಸ ಕ್ಯಾಮ್ ಹಾಕಿದ ಎಂಜಿನ್ನನ್ನು ಮೊದಲ ಸಲ ಸ್ಟಾರ್ಟ್ ಮಾಡಿದಾಗ ಐಡ್ಲಿಂಗಿಗೆ ಬಿಡಬಾರದು. ತಕ್ಷಣ 1500ರಿಂದ 2500 ಸುತ್ತಿಗೆ ಏರಿಸಿ, ಸ್ವಲ್ಪ ಏರಿಳಿಸುತ್ತಾ 20 ನಿಮಿಷ ಅಲ್ಲೇ ಇಡಬೇಕು. ಲೋಬಿಗೆ ಎಣ್ಣೆ ಸಿಗುವುದು ಹೆಚ್ಚಾಗಿ ಕ್ರ್ಯಾಂಕ್ ತಿರುಗುವಾಗ ಸಿಡಿಯುವುದರಿಂದ. ಐಡ್ಲಿಂಗಿನಲ್ಲಿ ಸಿಡಿತ ಕಡಿಮೆ, ಸ್ಪ್ರಿಂಗಿನ ಒತ್ತಡ ಮಾತ್ರ ಪೂರ್ತಿ ಲೋಬಿನ ಮೂಗಿನ ಮೇಲೆ. ಆಯಿಲಿನ ವಿಷಯವೂ ಇದೆ. ಈಗಿನ ಕೆಲವು ತೆಳು ಪೆಟ್ರೋಲ್ ಆಯಿಲುಗಳಲ್ಲಿ ಜಿಂಕ್ ಮತ್ತು ರಂಜಕದ ಅಂಶ ತಗ್ಗಿಸಿದ್ದಾರೆ, ಹೊಸ ಕಾರುಗಳ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗದಿರಲಿ ಅಂತ. ನಮ್ಮ ಹಳೇ ಕ್ಯಾಮಿಗೆ ಅದೇ ಬೇಕಾಗಿದ್ದದ್ದು. ಚಾಚಾ ಹೇಳಿದ ಹಾಗೆ ನಾನೀಗ 15ಡಬ್ಲ್ಯೂ-40 ಡೀಸೆಲ್ ಆಯಿಲ್, ಸಿಐ-4 ದರ್ಜೆಯದು, ಹಾಕುತ್ತಿದ್ದೇನೆ.

ಈಗ ಅಸಲಿ ಕ್ಯಾಮ್ ಕೂತಿದೆ, ಎಂಟೂ ಬಟ್ಟಲು ಹೊಸವು. ಸವೆದ ಲೋಹದ ಪುಡಿ ಬೇರಿಂಗಿಗೆ ಹೋಗಿರಬಾರದು ಅಂತ ಎಂಜಿನ್ ತಳದ ಎಣ್ಣೆ ತೊಟ್ಟಿ, ಅಂದರೆ ಸಂಪ್, ಇಳಿಸಿ ತೊಳೆದೆವು. ಬಳ್ಳಾರಿಯ ಅದಿರಿನ ಕೆಂಪು ಧೂಳೇ ಸಾಕು, ಅದರ ಮೇಲೆ ಇದು ಬೇರೆ.

ನಾನು ಈ ಪತ್ರದಲ್ಲಿ ಯಾವ ಗ್ಯಾರೇಜಿನ ಹೆಸರೂ ಬರೆಯುವುದಿಲ್ಲ. ಅವರಿಗೂ ಹಳೇ ಎಂಜಿನ್ ಕಲಿಸಿದವರು ಯಾರೂ ಇಲ್ಲ, ಹುಡುಗರು ಬಂದದ್ದೇ ಸ್ಕ್ಯಾನರ್ ಚುಚ್ಚಿ ನೋಡುವ ಕಾಲದಲ್ಲಿ. ಕೇಳುವುದು ಇಷ್ಟೇ. ಕ್ಯಾಮ್ ಮಾರುವವರು ಹೊಸದಾ, ಗ್ರೈಂಡ್ ಮಾಡಿದ್ದಾ ಅಂತ ಬಿಲ್ಲಿನಲ್ಲಿ ಬರೆಯಲಿ, ಗ್ರೈಂಡ್ ಮಾಡಿದ್ದಾದರೆ ಎಷ್ಟು ಗ್ಯಾಪ್ ಇಡಬೇಕು ಅಂತಲೂ ಬರೆಯಲಿ, ಯಾಕೆಂದರೆ ಲೋಬಿನ ಆಕಾರ ಬದಲಾದರೆ ಪುಸ್ತಕದ 15 ನಡೆಯದೇ ಹೋಗಬಹುದು. ಎಂಜಿನ್ ಬಿಚ್ಚಿದವರು ನಾಲ್ಕು ಸಿಲಿಂಡರಿನ ಕಂಪ್ರೆಷನ್, ಎಂಟು ಗ್ಯಾಪು ಬರೆದು ಕೊಡಲಿ. ನಾವೂ ಹಳೇ ಸಾಮಾನು ಕೇಳಿ ತಂದಿಟ್ಟುಕೊಳ್ಳಬೇಕು. ಗುಜರಿಗೆ ಹೋದರೆ ಅಳೆಯಲು ಏನೂ ಉಳಿಯುವುದಿಲ್ಲ.

ಆ ಎಂಟು ನಂಬರ್ ಯಾಕೆ ಅಂತೀರಾ? ಗ್ಯಾಪ್ ಯಾವ ಕಡೆಗೆ ಸರಿಯುತ್ತಿದೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ದಿನೇ ದಿನೇ ಜಾಸ್ತಿಯಾಗುತ್ತಿದ್ದರೆ ಲೋಬೋ ಬಟ್ಟಲೋ ರಾಕರೋ ಸವೆಯುತ್ತಿದೆ. ಕಡಿಮೆಯಾಗುತ್ತಿದ್ದರೆ ವಾಲ್ವ್ ತಾನು ಮುಚ್ಚಿದಾಗ ಕೂರುವ ಸೀಟಿನೊಳಗೆ ಕುಸಿಯುತ್ತಿದೆ, ಕ್ಯಾಮಿಗೂ ಅದಕ್ಕೂ ಸಂಬಂಧ ಇಲ್ಲ. ಈ ಎಂಜಿನ್ನುಗಳು ಸೀಸ ಬೆರೆಸಿದ ಪೆಟ್ರೋಲಿನ ಕಾಲದವು, ಆ ಸೀಸವೇ ಸೀಟಿಗೆ ಮೆತ್ತೆಯಾಗಿತ್ತು. 2000ದ ಫೆಬ್ರವರಿಯಿಂದ ದೇಶದಲ್ಲಿ ಸೀಸದ ಪೆಟ್ರೋಲ್ ಇಲ್ಲ, ಹೆಡ್ಡಿಗೆ ಗಡಸು ಸೀಟ್ ಹಾಕಿಸದವರ ಎಕ್ಸಾಸ್ಟ್ ವಾಲ್ವುಗಳು ಮೆಲ್ಲಗೆ ಒಳಗೆ ಹೋಗುತ್ತಲೇ ಇವೆ. ಹೋದ ಭಾನುವಾರ, 900 ಕಿಲೋಮೀಟರ್ ಆದ ಮೇಲೆ, ಮತ್ತೆ ಫೀಲರ್ ಹಾಕಿ ನೋಡಿದೆ. ಏಳು 15ರಲ್ಲೇ ಇವೆ. ನಾಲ್ಕನೆಯದು, ಎರಡನೇ ಸಿಲಿಂಡರಿನ ಎಕ್ಸಾಸ್ಟ್, 13ಕ್ಕೆ ಬಂದಿದೆ. ಬರೆದಿಟ್ಟಿದ್ದೇನೆ. ಇನ್ನೊಂದು ಸಾವಿರ ಓಡಿಸಿ ನೋಡಿ, ಆಮೇಲೆ ಹೆಡ್ ಇಳಿಸುವ ಮಾತು.

ಇಂತಿ,
ಒಬ್ಬ ಅಂಬಾಸಿಡರ್ ಮಾಲೀಕ
ಬಳ್ಳಾರಿ